ಚಂಡಮಾರುತದ ನಾಡಿನಲ್ಲಿ ಎಂಥ ಕಿಟಕಿ ಬೇಕು? ಫ್ಲಾರಿಡಾದ ಗೊಂದಲವನ್ನು ಬಿಡಿಸಿ ನೋಡಿದರೆ

2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಫ್ಲಾರಿಡಾದ ದಡ ಹತ್ತಿತು. ಅದು ತಂದ ಕೆಸರನ್ನು ಜನ ಇನ್ನೂ ತೊಳೆಯುತ್ತಿರುವಾಗಲೇ, ಅಕ್ಟೋಬರ್ 9ಕ್ಕೆ, ಸರಸೋಟಾ ಪಕ್ಕದ ಸಿಯೆಸ್ಟಾ ಕೀ ಎಂಬ ದ್ವೀಪದ ಮೇಲೆ ಮಿಲ್ಟನ್ ಬಂದೆರಗಿತು. 2025ರಲ್ಲಿ ಒಂದೇ ಒಂದು ಹರಿಕೇನ್ (ಅತಿ ತೀವ್ರ ಚಂಡಮಾರುತ) ಕೂಡ ಅಮೆರಿಕದ ನೆಲ ಮುಟ್ಟಲಿಲ್ಲ. ಆದರೆ ಅದೇ ವರ್ಷ ಅಕ್ಟೋಬರ್ 28ರಂದು ಮೆಲಿಸಾ ಗಂಟೆಗೆ ಸುಮಾರು 295 ಕಿ.ಮೀ. ವೇಗದಲ್ಲಿ ಜಮೈಕಾಗೆ ನುಗ್ಗಿತು. ಫ್ಲಾರಿಡಾ ಆ ಸಲ ತಪ್ಪಿಸಿಕೊಂಡಿತು, ಅಷ್ಟೇ.

ಈ ನಡುವೆ ಕಿಟಕಿಗಳ ಬಗ್ಗೆ ಬರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಸರ್ಕಾರ ಸಹಾಯಧನ ಕೊಡುತ್ತದೆ ಎಂದು ಒಂದು ಸುದ್ದಿ, ಹಣ ಖಾಲಿಯಾಯಿತು ಎಂದು ಇನ್ನೊಂದು. ಚಂಡಮಾರುತ ತಡೆಯುವ ಕಿಟಕಿಗೆ ಮಾರಾಟ ತೆರಿಗೆ ಇಲ್ಲ ಎಂದು ಹಳೆಯ ಲೇಖನಗಳು ಈಗಲೂ ಹೇಳುತ್ತವೆ. ಆ ವಿನಾಯಿತಿ 2024ರ ಜೂನ್ 30ಕ್ಕೇ ಮುಗಿದಿದೆ. ಗಾಜು ಬದಲಾಯಿಸಿದರೆ ವಿಮೆಯ ಕಂತು ಇಳಿಯುತ್ತದೆ ಎನ್ನುತ್ತಾರೆ, ಆದರೆ ಎಲ್ಲರಿಗೂ ಇಳಿಯುವುದಿಲ್ಲ. ಒಳ್ಳೆಯ ಕಿಟಕಿ ಇದ್ದೂ ಹಾಲ್‌ನಲ್ಲಿ ನೀರು ನಿಂತಿತು ಎಂಬ ಮಾತು ಬೇರೆ.

ಇಷ್ಟರ ಮಧ್ಯೆ ಮಾರಾಟದವರು ಕೇಳುವ ಪ್ರಶ್ನೆ ಒಂದೇ: ಸಿಂಗಲ್ ಹಂಗ್ (ಮೇಲಕ್ಕೆ ಎತ್ತುವ ಕಿಟಕಿ) ಬೇಕಾ, ಕೇಸ್‌ಮೆಂಟ್ (ಕೀಲಿನ ಮೇಲೆ ಹೊರಕ್ಕೆ ತೆರೆಯುವುದು) ಬೇಕಾ, ಸ್ಲೈಡರ್ (ಅಡ್ಡಕ್ಕೆ ಜಾರುವುದು) ಬೇಕಾ? ಟ್ಯಾಂಪಾ, ಒರ್ಲ್ಯಾಂಡೊ, ಜಾಕ್ಸನ್‌ವಿಲ್ ಕಡೆ ಮನೆ ಕೊಂಡ ಕನ್ನಡ ಕುಟುಂಬಗಳೂ ಈ ಪ್ರಶ್ನೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಆದರೆ ಕಿಟಕಿ ಯಾವ ಕಡೆಗೆ ತೆರೆಯುತ್ತದೆ ಎನ್ನುವುದು ಎರಡನೆಯ ಪ್ರಶ್ನೆ. ಬಿರುಗಾಳಿ ಹೊಡೆದಾಗ ಅದು ಮುಚ್ಚಿಕೊಂಡೇ ಇರುತ್ತದೆಯೇ, ಮನೆಯ ಬಾಕಿ ತೆರಪುಗಳೂ (ಬಾಗಿಲು, ಗ್ಯಾರೇಜ್ ಬಾಗಿಲಿನಂಥವು) ಹಾಗೇ ಇರುತ್ತವೆಯೇ ಎನ್ನುವುದು ಮೊದಲನೆಯದು.

ಕಿಟಕಿ ಒಡೆದರೆ ಚಾವಣಿ ಯಾಕೆ ಹಾರುತ್ತದೆ

ಕಿಟಕಿ ಒಡೆದರೆ ಒಂದಷ್ಟು ನೀರು ಬರುತ್ತದೆ, ಗಾಜು ಬದಲಾಯಿಸಿದರಾಯಿತು ಎಂದು ಅನ್ನಿಸುವುದು ಸಹಜ. ದೊಡ್ಡ ಅಪಾಯ ಇರುವುದು ನೀರಿನಲ್ಲಿ ಅಲ್ಲ, ಗಾಳಿಯ ಒತ್ತಡದಲ್ಲಿ.

ಚಾವಣಿಯ ಮೇಲೆ ರಭಸದಿಂದ ಹಾಯುವ ಗಾಳಿ ಅದನ್ನು ಮೇಲಕ್ಕೆ ಸೆಳೆಯುತ್ತದೆ. ಮನೆ ಪೂರ್ತಿ ಮುಚ್ಚಿದ್ದರೆ ಚಾವಣಿ ಈ ಒಂದು ಸೆಳೆತವನ್ನು ತಾಳಿಕೊಂಡರೆ ಸಾಕು. ಗಾಳಿಗೆ ಎದುರಾಗಿರುವ ದೊಡ್ಡ ಕಿಟಕಿಯೋ ಗ್ಯಾರೇಜ್ ಬಾಗಿಲೋ ಹೋಯಿತು ಅಂದುಕೊಳ್ಳಿ. ಒಳಗೆ ನುಗ್ಗಿದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಬಾಯಿಂದ ಊದಿದ ಕಾಗದದ ಚೀಲದ ಹಾಗೆ ಮನೆ ಒಳಗಿನಿಂದ ಉಬ್ಬುತ್ತದೆ. ಚಾವಣಿಯನ್ನು ಮೇಲಿಂದ ಎಳೆಯುವ ಬಲ ಮೊದಲೇ ಇತ್ತು, ಈಗ ಕೆಳಗಿಂದ ತಳ್ಳುವ ಬಲವೂ ಸೇರಿತು. ಟ್ರಸ್ಸನ್ನು (ಚಾವಣಿಯನ್ನು ಹೊರುವ ಮರದ ಚೌಕಟ್ಟನ್ನು) ಗೋಡೆಗೆ ಬಿಗಿದಿರುವ ಲೋಹದ ಪಟ್ಟಿಗಳು ಕಿತ್ತುಬಂದರೆ ಚಾವಣಿ ಹಾರುತ್ತದೆ. ಚಾವಣಿಯ ಹಿಡಿತ ತಪ್ಪಿದ ಗೋಡೆಗಳೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಆರ್‌ಸಿಸಿ ತಾರಸಿಯ ಮನೆಯಲ್ಲಿ ಬೆಳೆದವರಿಗೆ ಇದು ತಕ್ಷಣ ಹೊಳೆಯುವುದಿಲ್ಲ. ತಾರಸಿಗೆ ತನ್ನದೇ ಭಾರವಿದೆ, ಅದು ಅಷ್ಟು ಸುಲಭಕ್ಕೆ ಏಳುವುದಿಲ್ಲ. ಫ್ಲಾರಿಡಾದ ಮನೆಗೆ ಕಾಂಕ್ರೀಟ್ ಬ್ಲಾಕಿನ ಗೋಡೆ ಇದ್ದರೂ ಚಾವಣಿ ಸಾಮಾನ್ಯವಾಗಿ ಮರದ ಟ್ರಸ್ ಮೇಲೆ ಕೂತಿರುತ್ತದೆ. ಬೆಂಗಳೂರಿನ ಲೆಕ್ಕ ಅಲ್ಲಿಗೆ ನಡೆಯುವುದಿಲ್ಲ.

ಒತ್ತಡ ಎಷ್ಟಿರುತ್ತದೆ ಅಂತ ಒಮ್ಮೆ ಲೆಕ್ಕ ಹಾಕೋಣ. ಮಿಲ್ಟನ್ ದಡ ಹತ್ತಿದಾಗ ಅದರ ಗಾಳಿ ಗಂಟೆಗೆ ಸುಮಾರು 193 ಕಿ.ಮೀ. ವೇಗದಲ್ಲಿತ್ತು. ಅಷ್ಟು ವೇಗದ ಗಾಳಿ ನೇರವಾಗಿ ಹೊಡೆದರೆ ಒಂದು ಚದರ ಮೀಟರಿಗೆ ಸುಮಾರು 180 ಕಿಲೋ ಭಾರ ಬೀಳುತ್ತದೆ. 1.2 ಮೀಟರ್ ಅಗಲ, 1.5 ಮೀಟರ್ ಎತ್ತರದ ಮಲಗುವ ಕೋಣೆಯ ಕಿಟಕಿಯ ಮೇಲೆ ಅದು 320 ಕಿಲೋ ದಾಟುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅದೂ ಒಂದೇ ಸಮನೆ ಒತ್ತುವುದಿಲ್ಲ. ಗಂಟೆಗಟ್ಟಲೆ ಒತ್ತಿ, ಬಿಟ್ಟು, ಮತ್ತೆ ಒತ್ತುತ್ತದೆ.

ಒತ್ತಡ ಸಮ ಮಾಡಲು ಒಂದು ಕಿಟಕಿ ತೆರೆದಿಡಿ ಎಂಬ ಸಲಹೆ ಈಗಲೂ ಓಡಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವುದನ್ನು ತಡೆಯಬೇಕೋ ಅದಕ್ಕೆ ನಾವೇ ಬಾಗಿಲು ತೆರೆದಂತಾಗುತ್ತದೆ. ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸುವುದೂ ಸುಮ್ನೆ ಶ್ರಮ. ಟೇಪ್ ಗಾಜನ್ನು ಗಟ್ಟಿ ಮಾಡುವುದಿಲ್ಲ. ಒಡೆದಾಗ ಚೂರುಗಳು ದೊಡ್ಡದಾಗಿ ಬಂದು ಬೀಳುತ್ತವೆ.

ನಿಯಮ ಎಲ್ಲಿಂದ ಬಂತು

1992ರ ಆಗಸ್ಟ್ 24ರಂದು ಆಂಡ್ರೂ ಚಂಡಮಾರುತ ಮಯಾಮಿಯ ದಕ್ಷಿಣಕ್ಕಿರುವ ಹೋಮ್‌ಸ್ಟೆಡ್, ಫ್ಲಾರಿಡಾ ಸಿಟಿ ಪ್ರದೇಶವನ್ನು ಹೊಡೆಯಿತು. 25,000ಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಹಲವು ವಿಮಾ ಕಂಪನಿಗಳು ದಿವಾಳಿಯಾದವು. ಒಂದು ಕಡೆ ತೆರಪು ಒಡೆದು, ಗಾಳಿ ಒಳಹೊಕ್ಕು, ಚಾವಣಿ ಹೋದ ಮನೆಗಳನ್ನು ಎಂಜಿನಿಯರುಗಳು ಅಲ್ಲಿ ಸಾಲುಸಾಲಾಗಿ ಕಂಡರು.

ಅದಾದ ಮೇಲೆ ಮಯಾಮಿ-ಡೇಡ್ ಮತ್ತು ಬ್ರೋವರ್ಡ್ ಕೌಂಟಿಗಳು ಕಟ್ಟಡ ನಿಯಮವನ್ನು ಬಿಗಿ ಮಾಡಿದವು. ಇಡೀ ರಾಜ್ಯಕ್ಕೆ ಒಂದೇ ಫ್ಲಾರಿಡಾ ಬಿಲ್ಡಿಂಗ್ ಕೋಡ್ ಜಾರಿಗೆ ಬಂದದ್ದು 2002ರ ಮಾರ್ಚ್ 1ರಿಂದ. ಆದರೂ ರಾಜ್ಯದ ವಾಯವ್ಯ ತುದಿಯ ಪ್ಯಾನ್‌ಹ್ಯಾಂಡಲ್ ಪ್ರದೇಶಕ್ಕೆ ರಿಯಾಯಿತಿ ಕೊಟ್ಟರು. ಕಿಟಕಿ ರಕ್ಷಣೆ ಎಲ್ಲಿ ಕಡ್ಡಾಯ ಎನ್ನುವ ಗೆರೆಯನ್ನು ಬೇರೆ ಕಡೆ ಗಾಳಿಯ ವೇಗ ನೋಡಿ ಎಳೆದರೆ, ಅಲ್ಲಿ ಕಡಲಿನಿಂದ ಒಂದು ಮೈಲಿಯ ಒಳಗಿನ ಮನೆಗಳಿಗಷ್ಟೇ ಕಿಟಕಿ ರಕ್ಷಣೆ ಕಡ್ಡಾಯ ಎಂದರು. ಖರ್ಚು ಜಾಸ್ತಿಯಾಗುತ್ತದೆ ಎಂದು ಮನೆ ಕಟ್ಟುವವರು ವಾದಿಸಿದ್ದರು. ಕೆಲವು ವರ್ಷಗಳ ನಂತರ ಆ ರಿಯಾಯಿತಿ ರದ್ದಾಯಿತು. 2018ರ ಅಕ್ಟೋಬರ್ 10ರಂದು ಅದೇ ಪ್ಯಾನ್‌ಹ್ಯಾಂಡಲ್‌ನ ಮೆಕ್ಸಿಕೊ ಬೀಚ್ ಬಳಿ ಮೈಕಲ್ ಐದನೇ ದರ್ಜೆಯ ಚಂಡಮಾರುತವಾಗಿ ದಡ ಹತ್ತಿತು. ನಕ್ಷೆಯ ಗೆರೆಯನ್ನು ಮನುಷ್ಯರು ಎಳೆಯುತ್ತಾರೆ, ಅದರ ಹಿಂದೆ ಚೌಕಾಸಿಯೂ ಇರುತ್ತದೆ. ಆದ್ದರಿಂದ 'ನಮ್ಮ ಮನೆಗೆ ಕಡ್ಡಾಯವಿಲ್ಲ' ಎಂದರೆ 'ನಮ್ಮ ಮನೆಗೆ ಅಪಾಯವಿಲ್ಲ' ಎಂದಲ್ಲ.

ಇಂಪ್ಯಾಕ್ಟ್ ಕಿಟಕಿ ಅಂದರೆ ಏನು

ಇಂಪ್ಯಾಕ್ಟ್ ಗಾಜು ಒಡೆಯುವುದೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಅದು ಒಡೆಯುತ್ತದೆ. ಆದರೆ ಚೌಕಟ್ಟು ಬಿಟ್ಟು ಬರುವುದಿಲ್ಲ. ಎರಡು ಗಾಜಿನ ನಡುವೆ ಗಟ್ಟಿ ಪ್ಲಾಸ್ಟಿಕ್ ಪದರ ಇಟ್ಟು ಬೆಸೆದಿರುತ್ತಾರೆ. ಕಾರಿನ ಮುಂದಿನ ಗಾಜನ್ನು ಮಾಡುವ ವಿಧಾನವೂ ಇದೇ. ಗಾಜು ಪುಡಿಯಾದರೂ ಪದರ ಅದನ್ನು ಹಿಡಿದುಕೊಳ್ಳುತ್ತದೆ. ಟೆಂಪರ್ಡ್ ಗಾಜಿನ ಕಥೆ ಬೇರೆ. ಅದು ಗಟ್ಟಿ, ನಿಜ. ಆದರೆ ಒಡೆದರೆ ಪೂರ್ತಿ ಉದುರಿಹೋಗಿ ದೊಡ್ಡ ತೂತು ಉಳಿಯುತ್ತದೆ. ಇದ್ದ ಗಾಜಿನ ಮೇಲೆ ಅಂಟಿಸುವ ಫಿಲ್ಮ್ ಚೂರುಗಳನ್ನು ಹಿಡಿದಿಡಬಹುದು, ಆದರೆ ಇಡೀ ಗಾಜು ಚೌಕಟ್ಟಿನಿಂದ ಕಳಚಿ ಬಂದರೆ ಅದರಿಂದ ಪ್ರಯೋಜನವಿಲ್ಲ.

ಮಯಾಮಿ-ಡೇಡ್ ಪರೀಕ್ಷೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸುಮಾರು 4 ಕಿಲೋ ತೂಗುವ ಮರದ ತೊಲೆಯನ್ನು ಗಂಟೆಗೆ 55 ಕಿ.ಮೀ. ವೇಗದಲ್ಲಿ ಕಿಟಕಿಗೆ ಹೊಡೆಯುತ್ತಾರೆ. ಬೇರೆ ಮನೆಯ ಚಾವಣಿಯಿಂದ ಕಿತ್ತ ಮರ ಹಾರಿ ಬಂದ ಲೆಕ್ಕ ಅದು. ಗಾಜು ಬಿರುಕು ಬಿಟ್ಟರೂ ಪರೀಕ್ಷೆ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಬಿರುಕು ಬಿಟ್ಟ ಕಿಟಕಿಯನ್ನು ಸಾವಿರಕ್ಕೂ ಹೆಚ್ಚು ಸಲ ಒಳಕ್ಕೂ ಹೊರಕ್ಕೂ ಒತ್ತಿ ಎಳೆಯುತ್ತಾರೆ. ಕೊನೆಗೂ ದೊಡ್ಡ ತೂತು ಬೀಳದಿದ್ದರೆ ಪಾಸ್. ಹಾಗಾಗಿ ಪಾಸಾಗುವುದು ಬರೀ ಗಾಜಲ್ಲ. ಚೌಕಟ್ಟು, ಚಿಲಕ, ಕೀಲು, ಗೋಡೆಗೆ ಬಿಗಿದ ಸ್ಕ್ರೂ ಎಲ್ಲ ಒಟ್ಟಿಗೇ ಪಾಸಾಗಬೇಕು. ಪರೀಕ್ಷೆಯಲ್ಲಿ ಸ್ಕ್ರೂಗಳು ಎಷ್ಟು ಅಂತರದಲ್ಲಿ, ಎಷ್ಟು ಆಳಕ್ಕೆ ಇದ್ದವೋ ಮನೆಯಲ್ಲೂ ಹಾಗೇ ಇರಬೇಕು. ಕೆಲಸದವರು ಎರಡು ಸ್ಕ್ರೂ ಉಳಿಸಿದರೆ, ಕಾಗದದ ಮೇಲಿರುವ ಕಿಟಕಿಯೇ ಬೇರೆ, ಗೋಡೆಯಲ್ಲಿರುವ ಕಿಟಕಿಯೇ ಬೇರೆ.

'ಕೆಟಗರಿ 5 ಕಿಟಕಿ' ಎಂದು ಮಾರುವವರ ಬಗ್ಗೆ ಎಚ್ಚರ ಇರಲಿ. ಕಿಟಕಿಗೆ ಆ ರೀತಿಯ ದರ್ಜೆ ಇಲ್ಲ. ಇರುವುದು ಡಿಸೈನ್ ಪ್ರೆಶರ್. ಲೇಬಲ್ ಮೇಲೆ ಕೂಡು 50, ಕಳೆ 50 ಎಂಬಂತೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಒಳಕ್ಕೆ ತಳ್ಳುವ ಒತ್ತಡ, ಎರಡನೆಯದು ಹೊರಕ್ಕೆ ಎಳೆಯುವುದು. ಎರಡೂ ಒಂದು ಚದರ ಅಡಿಗೆ ಇಷ್ಟು ಪೌಂಡ್ ಎಂಬ ಲೆಕ್ಕದಲ್ಲಿರುತ್ತವೆ. ಮನೆಯ ಮೂಲೆಗಳಲ್ಲಿ ಈ ಎಳೆತ ಜಾಸ್ತಿ. ಆದ್ದರಿಂದ ಗೋಡೆಯ ನಡುವೆ ಸಾಕಾಗುವ ಕಿಟಕಿ ಅದೇ ಗೋಡೆಯ ಮೂಲೆಗೆ ಸಾಕಾಗದೇ ಹೋಗಬಹುದು.

ಈಗ ಶೈಲಿಯ ಮಾತು

ಪರೀಕ್ಷೆ ಪಾಸಾದ ಸಿಂಗಲ್ ಹಂಗ್ ಇದೆ, ಕೇಸ್‌ಮೆಂಟ್ ಇದೆ, ಸ್ಲೈಡರ್ ಇದೆ. ಒಂದೇ ಒತ್ತಡಕ್ಕೆ ಪಾಸಾಗಿದ್ದರೆ ಬಲದಲ್ಲಿ ಅವು ಸಮ. ವ್ಯತ್ಯಾಸ ಇರುವುದು ಬೇರೆ ಕಡೆ.

ತೆರೆಯದ ಫಿಕ್ಸೆಡ್ ಕಿಟಕಿಗೆ ಕೀಲಿಲ್ಲ, ಚಿಲಕವಿಲ್ಲ, ಸಂದೂ ಇಲ್ಲ. ಹಾಗಾಗಿ ಸೋಲುವ ಜಾಗಗಳೂ ಕಡಿಮೆ. ಗಾಳಿ ಆಡದಿದ್ದರೂ ನಡೆಯುತ್ತದೆ ಎನ್ನುವ ಜಾಗಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಕೇಸ್‌ಮೆಂಟ್ ಪಕ್ಕದ ಕೀಲಿನ ಮೇಲೆ ಹೊರಕ್ಕೆ ತೆರೆಯುತ್ತದೆ. ಎದುರಿನ ಗಾಳಿ ಅದರ ಪಲಕವನ್ನು ಚೌಕಟ್ಟಿನ ರಬ್ಬರಿಗೇ ಒತ್ತುತ್ತದೆ. ಗಾಳಿ ಹೆಚ್ಚಾದಷ್ಟೂ ಸಂದು ಬಿಗಿಯಾಗುತ್ತದೆ. ಚಂಡಮಾರುತಕ್ಕೆ ಕೇಸ್‌ಮೆಂಟೇ ಶ್ರೇಷ್ಠ ಎನ್ನುವವರು ಹೇಳುವುದು ಇದನ್ನೇ. ಮಾತು ಸರಿ, ಆದರೆ ಅರ್ಧ ಮಾತ್ರ. ಮನೆಯ ಹಿಂಬದಿ ಮತ್ತು ಪಕ್ಕದ ಗೋಡೆಗಳಲ್ಲಿ ಗಾಳಿ ಕಿಟಕಿಯನ್ನು ಹೊರಕ್ಕೆ ಎಳೆಯುತ್ತದೆ. ಅಲ್ಲಿ ಪಲಕವನ್ನು ಹಿಡಿದಿಡುವುದು ಕೀಲು ಮತ್ತು ಚಿಲಕ ಮಾತ್ರ. ಒಂದಕ್ಕಿಂತ ಹೆಚ್ಚು ಕಡೆ ಕಚ್ಚಿಕೊಳ್ಳುವ ಚಿಲಕ, ಉಪ್ಪುಗಾಳಿಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಕೀಲು ಇದ್ದರೆ ಸರಿ. ಕಡಲ ಹತ್ತಿರ ಇವನ್ನು ವರ್ಷಕ್ಕೊಮ್ಮೆ ನೋಡಿಕೊಳ್ಳದಿದ್ದರೆ ಮೊದಲು ಕೈಕೊಡುವುದು ಇವೇ. ಮೇಲ್ಗಡೆ ಕೀಲಿರುವ ಆನಿಂಗ್ ಕಿಟಕಿಯ ಗುಣವೂ ಹೆಚ್ಚು ಕಡಿಮೆ ಹೀಗೇ.

ಸಿಂಗಲ್ ಹಂಗ್‌ನಲ್ಲಿ ಮೇಲಿನ ಅರ್ಧ ಕದಲುವುದಿಲ್ಲ, ಕೆಳಗಿನ ಅರ್ಧವನ್ನು ಮೇಲಕ್ಕೆ ಎತ್ತಬಹುದು. ಬೆಲೆ ಕಡಿಮೆ, ಫ್ಲಾರಿಡಾದಲ್ಲಿ ಎಲ್ಲಿ ನೋಡಿದರೂ ಇದೇ. ಕಿಟಕಿ ಅಗಲವಾದಷ್ಟೂ ಎರಡು ಅರ್ಧಗಳು ಸೇರುವ ಅಡ್ಡಪಟ್ಟಿ ಒತ್ತಡಕ್ಕೆ ಬಾಗುತ್ತದೆ. ಡಬಲ್ ಹಂಗ್‌ನಲ್ಲಿ ಎರಡೂ ಅರ್ಧ ಜಾರುತ್ತವೆ, ಅಂದರೆ ಸಂದುಗಳೂ ಹೆಚ್ಚು. ಸ್ಲೈಡರ್ ಅಡ್ಡಕ್ಕೆ ಜಾರುತ್ತದೆ, ಅಗಲ ತೆರಪಿಗೆ ಹೊಂದುತ್ತದೆ, ಆದರೆ ನೀರಿನ ವಿಷಯದಲ್ಲಿ ಕೇಸ್‌ಮೆಂಟ್‌ಗಿಂತ ಹಿಂದೆ. ಹಳೆಯ ಮನೆಗಳಲ್ಲಿ ಇನ್ನೂ ಕಾಣುವ, ಗಾಜಿನ ಪಟ್ಟಿಗಳ ಜಾಲಸಿ ಕಿಟಕಿ ಉಷ್ಣದ ನಾಡಿಗೆ ಹಿತವಾದದ್ದೇ. ಆದರೆ ಅದು ಚಂಡಮಾರುತಕ್ಕೆ ಅಲ್ಲ. ಇದ್ದರೆ ಮೊದಲು ಬದಲಾಯಿಸಬೇಕಾದದ್ದು ಅದನ್ನೇ.

ಇನ್ನೊಂದು ಮಾತನ್ನು ಮಾರಾಟದವರು ಬೇಗ ಎತ್ತುವುದಿಲ್ಲ. ಬೆಂಕಿ ಬಿದ್ದರೆ ಮಲಗುವ ಕೋಣೆಯ ಕಿಟಕಿಯಿಂದ ಜನ ಹೊರಗೆ ಬರುವಂತಿರಬೇಕು. ಹೊಸ ಮನೆಗೆ ಸುಮಾರು 5.7 ಚದರ ಅಡಿ ತೆರವು ಇರಬೇಕೆನ್ನುವುದು ಸಾಮಾನ್ಯ ನಿಯಮ. ಕೇಸ್‌ಮೆಂಟ್ ಪೂರ್ತಿ ತೆರೆಯುವುದರಿಂದ ಸಣ್ಣ ಕಿಟಕಿಯಲ್ಲೂ ಇದು ಸಿಗುತ್ತದೆ. ಸಿಂಗಲ್ ಹಂಗ್ ಅರ್ಧವೇ ತೆರೆಯುವುದರಿಂದ ಕಿಟಕಿ ದೊಡ್ಡದಿರಬೇಕು. ನಮ್ಮೂರಿನ ರೂಢಿಯಂತೆ ಕಬ್ಬಿಣದ ಗ್ರಿಲ್ ಹಾಕಿಸಿದರೆ ಹೇಗೆ ಎಂದು ಕೆಲವರಿಗೆ ಅನ್ನಿಸಬಹುದು. ಗ್ರಿಲ್ ಗಾಳಿಯ ಒತ್ತಡ ತಡೆಯುವುದಿಲ್ಲ. ಒಳಗಿನಿಂದ ಕೀಲಿಯಿಲ್ಲದೆ ತೆರೆಯಲು ಬರದ ಗ್ರಿಲ್ಲನ್ನು ಮಲಗುವ ಕೋಣೆಗೆ ಹಾಕುವಂತೆಯೂ ಇಲ್ಲ.

ಪಾಸಾದ ಕಿಟಕಿಯಲ್ಲೂ ನೀರು ಯಾಕೆ

ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲಿ, ಅಲ್ವಾ? ಅಷ್ಟು ದುಡ್ಡು ಕೊಟ್ಟ ಮೇಲೂ ಕಿಟಕಿಯ ಕೆಳಗೆ ಟವೆಲ್ ಹಾಸಬೇಕು ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಕಿಟಕಿ ಕಳಪೆಯೇ ಇರಬೇಕೆಂದೇನಿಲ್ಲ. ಕಾರಣ ಪರೀಕ್ಷೆಯಲ್ಲೇ ಇದೆ.

ಮನೆಗಳಿಗೆ ಹಾಕುವ ಸಾಮಾನ್ಯ ಕಿಟಕಿಯ ಬಲವನ್ನು ಪೂರ್ತಿ ಒತ್ತಡದಲ್ಲಿ ಪರೀಕ್ಷಿಸುತ್ತಾರೆ. ನೀರಿನ ಪರೀಕ್ಷೆಯನ್ನು ಮಾತ್ರ ಆ ಒತ್ತಡದ ಶೇ. 15ರಲ್ಲಿ ಮಾಡುತ್ತಾರೆ. 50ರ ದರ್ಜೆಯ ಕಿಟಕಿಗೆ ನೀರಿನ ಪರೀಕ್ಷೆ 7.5ರಲ್ಲಿ. ಅದು ಗಂಟೆಗೆ ಸುಮಾರು 87 ಕಿ.ಮೀ. ಗಾಳಿಗೆ ಸಮ. ಹರಿಕೇನ್ ಎಂದು ಕರೆಸಿಕೊಳ್ಳಲು ಗಂಟೆಗೆ 119 ಕಿ.ಮೀ. ವೇಗ ಬೇಕು. ಅಂದರೆ ಹರಿಕೇನ್ ಶುರುವಾಗುವ ಮೊದಲೇ ನೀರಿನ ಪರೀಕ್ಷೆಯ ಮಿತಿ ಮುಗಿದಿರುತ್ತದೆ.

ಜಾರುವ ಕಿಟಕಿಯ ಕೆಳಗಿನ ಹಳಿಯನ್ನು ನೋಡಿ. ಮಳೆನೀರು ಅಲ್ಲಿ ಸೇರಿ, ಹೊರಬದಿಯ ಸಣ್ಣ ತೂತುಗಳಿಂದ ಹರಿದು ಹೋಗಬೇಕು. ಹೊರಗಿನ ಗಾಳಿ ಒತ್ತಿದಾಗ ನೀರು ಹೊರಗೆ ಹೋಗುವ ಬದಲು ಹಳಿಯೊಳಗೆ ಮೇಲೇರುತ್ತದೆ. 7.5ರ ಒತ್ತಡ ನೀರನ್ನು ಸುಮಾರು 3.7 ಸೆಂ.ಮೀ. ಏರಿಸುತ್ತದೆ. ಹಳಿಯ ಒಳಅಂಚು ಅದಕ್ಕಿಂತ ಎತ್ತರವಿದ್ದರೆ ನೀರು ನಿಲ್ಲುತ್ತದೆ. ಮಿಲ್ಟನ್‌ನಂಥ 193 ಕಿ.ಮೀ. ಗಾಳಿ ನೇರ ಹೊಡೆದರೆ ಅದು 18 ಸೆಂ.ಮೀ.ವರೆಗೆ ಏರಿಸಬಲ್ಲದು. ಅಷ್ಟು ಎತ್ತರದ ಅಂಚನ್ನು ಯಾರ ಮನೆಯ ಕಿಟಕಿಗೂ ಇಡುವುದಿಲ್ಲ. ರಬ್ಬರಿಗೆ ಒತ್ತಿಕೊಳ್ಳುವ ಕೇಸ್‌ಮೆಂಟ್ ಇಲ್ಲಿ ಗೆಲ್ಲುತ್ತದೆ. ಶೈಲಿ ನಿಜಕ್ಕೂ ವ್ಯತ್ಯಾಸ ಮಾಡುವ ಜಾಗ ಇದು. ನೀರು ಬರುತ್ತದೆಂದು ಆ ಸಣ್ಣ ತೂತುಗಳನ್ನು ಮುಚ್ಚಿಸಬೇಡಿ. ಆಮೇಲೆ ಮಾಮೂಲಿ ಮಳೆಯ ನೀರೂ ಒಳಗೇ ಬರುತ್ತದೆ.

ಬೇಕಾದ್ದು ಚಾವಣಿ ಉಳಿಯುವುದಾದರೆ, ಒಂದಿಷ್ಟು ನೀರು ಬಂದರೂ ಆ ಕಿಟಕಿ ತನ್ನ ಕೆಲಸ ಮಾಡಿದೆ.

ಶಟರ್ ಸಾಲದೇ?

ನಿಯಮದ ಕಣ್ಣಲ್ಲಿ ಪರೀಕ್ಷೆ ಪಾಸಾದ ಶಟರ್ (ಕಿಟಕಿಯ ಹೊರಗೆ ಮುಚ್ಚುವ ಹೊದಿಕೆ) ಮತ್ತು ಇಂಪ್ಯಾಕ್ಟ್ ಕಿಟಕಿ ಎರಡೂ ರಕ್ಷಣೆಯೇ. ಚಂಡಮಾರುತ ಬರುವ ಮುನ್ನ ಕೈಯಿಂದ ಬಿಗಿಯುವ ಲೋಹದ ಪ್ಯಾನೆಲ್ ತುಂಬ ಅಗ್ಗ. ಪಕ್ಕಕ್ಕೆ ಮಡಚಿಕೊಳ್ಳುವ ಅಕಾರ್ಡಿಯನ್ ಶಟರ್‌ಗೆ ಅದಕ್ಕಿಂತ ಜಾಸ್ತಿ ಬೆಲೆ. ಎಲ್ಲ ಕಿಟಕಿಗಳನ್ನೂ ಇಂಪ್ಯಾಕ್ಟ್‌ಗೆ ಬದಲಾಯಿಸುವುದು ಇವೆರಡಕ್ಕಿಂತ ಬಹಳ ದುಬಾರಿ. ಕಿಟಕಿ ಕಂಪನಿಗಳು ಶಟರನ್ನು ಹಳೆಯ ಕಾಲದ್ದು ಎನ್ನುವಂತೆ ಮಾತಾಡುತ್ತವೆ. ಅದು ನ್ಯಾಯವಲ್ಲ. ಕೈಯಲ್ಲಿ ಹಣ ಕಡಿಮೆ ಇದ್ದವರಿಗೆ ಪ್ಯಾನೆಲ್ ಗೌರವದ ಆಯ್ಕೆ.

ಆದರೆ ಶಟರ್ ತಾನಾಗಿ ಮುಚ್ಚುವುದಿಲ್ಲ, ಯಾರಾದರೂ ಮನೆಯಲ್ಲಿರಬೇಕು. ಹರಿಕೇನ್ ಹಂಗಾಮು ಜೂನ್ 1ರಿಂದ ನವೆಂಬರ್ 30ರವರೆಗೆ. ಮಕ್ಕಳ ಶಾಲೆಗೆ ರಜೆ ಸಿಕ್ಕಿ ಕನ್ನಡ ಕುಟುಂಬಗಳು ಊರಿಗೆ ಹೊರಡುವುದೂ ಜೂನ್‌ನಿಂದ ಆಗಸ್ಟ್ ಒಳಗೆ. ಗ್ಯಾರೇಜಿನಲ್ಲಿ ಜೋಡಿಸಿಟ್ಟ ಪ್ಯಾನೆಲ್ ಮೈಸೂರಿನಲ್ಲಿ ಕೂತವರಿಗೆ ಉಪಯೋಗಕ್ಕೆ ಬರುವುದಿಲ್ಲ. ವಯಸ್ಸಾದವರು ಏಣಿ ಹತ್ತಿ ಎರಡನೇ ಮಹಡಿಗೆ ಅವನ್ನು ಬಿಗಿಯುವುದೂ ಅಪಾಯ. ಎಲ್ಲ ಕಿಟಕಿಗೂ ಪ್ಯಾನೆಲ್ ಬಿಗಿದು ಮಲಗಿದರೆ ಬೆಂಕಿಯ ಸಮಯದಲ್ಲಿ ದಾರಿಯೂ ಇರುವುದಿಲ್ಲ. ಆದ್ದರಿಂದ ಎರಡನ್ನೂ ಬೆರೆಸುವುದು ಒಳ್ಳೆಯದು: ಮಲಗುವ ಕೋಣೆಗೆ ಮತ್ತು ಮೇಲಿನ ಮಹಡಿಗೆ ಇಂಪ್ಯಾಕ್ಟ್ ಗಾಜು, ಕೈಗೆಟುಕುವ ಕೆಳಗಿನ ಕಿಟಕಿಗಳಿಗೆ ಶಟರ್.

ವಿಮೆ ಮತ್ತು ಸಹಾಯಧನದ ಲೆಕ್ಕ

ಕೆಲವರ ವಿಮೆಯ ಕಂತು ಯಾಕೆ ಇಳಿಯುವುದಿಲ್ಲ ಎನ್ನುವುದಕ್ಕೆ ಉತ್ತರ ಸರಳ. ವಿಮೆಯ ರಿಯಾಯಿತಿಗಾಗಿ ಮಾಡಿಸುವ ತಪಾಸಣೆಯ ನಮೂನೆಯಲ್ಲಿ ಇಡೀ ಮನೆಯ ದರ್ಜೆಯನ್ನು ನಿರ್ಧರಿಸುವುದು ಅತ್ಯಂತ ದುರ್ಬಲ ತೆರಪು. ಹನ್ನೆರಡು ಕಿಟಕಿ ಬದಲಾಯಿಸಿ, ಹಿತ್ತಲಿನ ಗಾಜಿನ ಬಾಗಿಲನ್ನೋ ಬಚ್ಚಲಿನ ಪುಟ್ಟ ಕಿಟಕಿಯನ್ನೋ ಬಿಟ್ಟರೆ ಪೂರ್ತಿ ರಿಯಾಯಿತಿ ಸಿಗುವುದಿಲ್ಲ. ಇದು ವಿಮಾ ಕಂಪನಿಯ ಕಿರಿಕಿರಿ ಅನ್ನಿಸಬಹುದು. ಆದರೆ ಗಾಳಿಗೂ ಒಂದೇ ತೂತು ಸಾಕು. ಮುಂಭಾಗದ ಕಿಟಕಿಗಳನ್ನಷ್ಟೇ ಬದಲಾಯಿಸಿ 'ಉಳಿದದ್ದು ಮುಂದಿನ ವರ್ಷ' ಎನ್ನುವುದು ಹಣವನ್ನೂ ಸುರಕ್ಷೆಯನ್ನೂ ಅರ್ಧಕ್ಕೆ ಬಿಟ್ಟಂತೆ.

ರಾಜ್ಯದ 'ಮೈ ಸೇಫ್ ಫ್ಲಾರಿಡಾ ಹೋಮ್' ಯೋಜನೆ 2006ರಲ್ಲಿ ಶುರುವಾಗಿ, ನಿಂತು, 2022ರಲ್ಲಿ ಮತ್ತೆ ಜೀವ ಪಡೆಯಿತು. ಮನೆಯವರು 1 ಡಾಲರ್ ಹಾಕಿದರೆ ರಾಜ್ಯ 2 ಡಾಲರ್ ಕೊಡುತ್ತದೆ, ಗರಿಷ್ಠ 10,000 ಡಾಲರ್. ಬೇಡಿಕೆ ಎಷ್ಟಿದೆಯೆಂದರೆ ಅರ್ಜಿ ತೆರೆದಾಗಲೆಲ್ಲ ಹಣ ಬೇಗ ಕರಗುತ್ತದೆ. ಮೊದಲು ತಪಾಸಣೆ, ಆಮೇಲೆ ಒಪ್ಪಿಗೆ, ಅದರ ನಂತರವೇ ಕೆಲಸ. ಒಪ್ಪಿಗೆಗೆ ಮುನ್ನ ಕೆಲಸ ಶುರು ಮಾಡಿದರೆ ಹಣ ಸಿಗುವುದಿಲ್ಲ.

ಬಡಾವಣೆಯ ಸಂಘ ಒಪ್ಪುವುದಿಲ್ಲ ಎಂಬ ಚಿಂತೆ ಈಗ ಸ್ವಲ್ಪ ಕಡಿಮೆ. 2024ರ ಕಾನೂನಿನ ಪ್ರಕಾರ ಮನೆ ಮಾಲೀಕರ ಸಂಘಗಳು ಚಂಡಮಾರುತ ರಕ್ಷಣೆಗೆ ಬಣ್ಣ, ವಿನ್ಯಾಸದ ಮಾನದಂಡ ಹಾಕಬಹುದು. ಆದರೆ ಅದಕ್ಕೆ ಹೊಂದುವ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ.

ಎಲ್ಲವನ್ನೂ ಒಟ್ಟಿಗೆ ಮಾಡಿಸಲು ಆಗದವರು ಮೊದಲು ಗ್ಯಾರೇಜ್ ಬಾಗಿಲನ್ನು ಗಟ್ಟಿ ಮಾಡಿಸಿ, ಬಾಕಿ ಎಲ್ಲ ತೆರಪಿಗೂ ಪ್ಯಾನೆಲ್ ಮಾಡಿಸಿಟ್ಟುಕೊಳ್ಳುವುದು ಮೇಲು. ಇಂಪ್ಯಾಕ್ಟ್ ಕಿಟಕಿಗಳನ್ನು ನಂತರ ಒಂದೊಂದಾಗಿ ಹಾಕಿಸಬಹುದು. ಸಹಿ ಹಾಕುವ ಮುನ್ನ ಕಾಗದದ ಮೇಲೆ ಮೂರು ವಿಷಯ ಕೇಳಿ ಪಡೆಯಿರಿ: ಫ್ಲಾರಿಡಾ ಪ್ರಾಡಕ್ಟ್ ಅಪ್ರೂವಲ್ ಸಂಖ್ಯೆ (ಆ ಕಿಟಕಿಗೆ ರಾಜ್ಯದ ಒಪ್ಪಿಗೆ ಇದೆ ಎಂದು ತೋರಿಸುವುದು), ನಿಮ್ಮ ಮನೆಯ ಪ್ರತಿ ತೆರಪಿಗೂ ಬೇಕಾದ ಡಿಸೈನ್ ಪ್ರೆಶರ್, ಕಟ್ಟಡ ಇಲಾಖೆಯ ಪರ್ಮಿಟ್ ತೆಗೆಯುವವರು ಯಾರು ಎಂಬುದು. ಇದಕ್ಕೆ ನೇರ ಉತ್ತರ ಕೊಡದವರ ಹತ್ತಿರ ಕಿಟಕಿ ಕೊಳ್ಳಬೇಡಿ.

ಕಿಟಕಿ ತಡೆಯದ ಅಪಾಯ

ಹೆಲೀನ್ ಬಂದಾಗ ಟ್ಯಾಂಪಾ ಕೊಲ್ಲಿಯ ಪಿನೆಲಸ್ ಕೌಂಟಿಯಲ್ಲಿ ಜನರನ್ನು ಕೊಂದದ್ದು ಗಾಳಿಗಿಂತ ಹೆಚ್ಚಾಗಿ ಉಕ್ಕಿ ಬಂದ ಸಮುದ್ರ. ಬಾಗಿಲ ಕೆಳಗಿಂದ ಏರುವ ನೀರಿಗೆ ಇಂಪ್ಯಾಕ್ಟ್ ಗಾಜು ಏನೂ ಮಾಡಲಾರದು. ಗಟ್ಟಿ ಕಿಟಕಿ ಹಾಕಿಸಿದ ಧೈರ್ಯದಲ್ಲಿ ತಗ್ಗಿನ ವಲಯದ ಮನೆಯಲ್ಲೇ ಉಳಿಯಬಾರದು. ಸ್ಥಳ ಬಿಡಿ ಎಂದಾಗ ಬಿಡಬೇಕು. ಮನೆಯ ಮಾಮೂಲಿ ವಿಮೆ ಈ ನೀರಿನ ಹಾನಿಯನ್ನು ಭರಿಸುವುದಿಲ್ಲ, ಪ್ರವಾಹ ವಿಮೆ ಬೇರೆಯೇ ಮಾಡಿಸಬೇಕು. ಕೇಂದ್ರ ಸರ್ಕಾರದ ಪ್ರವಾಹ ವಿಮೆ ಸಾಮಾನ್ಯವಾಗಿ ಕೊಂಡ 30 ದಿನದ ನಂತರ ಜಾರಿಗೆ ಬರುತ್ತದೆ. ಕಡಲಲ್ಲಿ ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡರೆ ಆ ಸಲಕ್ಕೆ ಅದು ಒದಗುವುದಿಲ್ಲ.